ಅತಿವಾಹನ

ಶ್ರಾವಕನ ಪರಿಗ್ರಹಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುವಾಗ ಆಚಾರ್ಯ ಸಮಂತಭದ್ರರು ಮೊಟ್ಟಮೊದಲು ಹೆಸರಿಸುವುದು ಅತಿವಾಹನವನ್ನು, ಕೊನೆಯಲ್ಲಿ ಹೆಸರಿಸುವುದು ಅತಿಭಾರವಹನವನ್ನು. ಇವೆರಡರ ನಡುವೆ ಅತಿಸಂಗ್ರಹ, ವಿಸ್ಮಯ, ಲೋಭ ಎಂಬ ಮೂರು ಬರುತ್ತವೆ. ರತ್ನಕರಂಡಕ ಶ್ರಾವಕಾಚಾರವನ್ನು ಸ್ವಾಧ್ಯಾಯ ಮಾಡುವವರಿಗೆ ಈ ಪಟ್ಟಿ ಪರಿಚಿತವೇ. ಆದರೆ ಅದರ ಮೊದಲ ಪದದ ಬಳಿ ಹೆಚ್ಚು ಹೊತ್ತು ನಿಲ್ಲುವವರು ವಿರಳ. ಲೋಭವಶರಾಗಿ ಎತ್ತು ಕುದುರೆಗಳನ್ನು ಅವು ಸುಖವಾಗಿ ನಡೆಯಬಲ್ಲ ದೂರವನ್ನು ಮೀರಿ ನಡೆಸುವುದು ಅತಿವಾಹನ ಎಂಬುದು ಒಂದು ವಿವರಣೆ. ಆವಶ್ಯಕತೆಗಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದು ಎಂಬುದು ಇನ್ನೊಂದು. ಯಂತ್ರವಾಹನದ ಕಲ್ಪನೆಯೇ ಇಲ್ಲದ ಕಾಲದ ಈ ಪದವು ಇಂದು ಮನೆಯ ಮುಂದೆ ನಿಂತಿರುವ ಕಾರಿಗೆ ಅನ್ವಯಿಸುತ್ತದೆಯೆ? ಎತ್ತಿಗೆ ನೋವಿದೆ, ಕಾರಿಗೆ ನೋವಿಲ್ಲ. ಆದ್ದರಿಂದ ಅನ್ವಯಿಸದು ಎಂಬ ಉತ್ತರ ಥಟ್ಟನೆ ನಾಲಗೆಗೆ ಬರುತ್ತದೆ. ಆ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರೀಕ್ಷಿಸಲು ಬೀದರ್ ಜಿಲ್ಲೆಯ ಒಂದು ರಸ್ತೆಯ ಮೇಲೆ ಸ್ವಲ್ಪ ದೂರ ಹೋಗಿಬರುವುದು ಒಳ್ಳೆಯದು.

ಬಸವಕಲ್ಯಾಣವು ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನ ಕಾಲಕ್ಕೆ ಕಲ್ಯಾಣದ ಚಾಲುಕ್ಯರ ರಾಜಧಾನಿಯಾದ ಊರು. ಇಂದು ಅಲ್ಲಿಗೆ ಬರುವ ಯಾತ್ರಿಕನು ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾ ಎಂಬಲ್ಲಿ ತಿರುಗಿ ಊರೊಳಗೆ ಹೋಗುತ್ತಾನೆ. ತಿರುಗದೆ ಪೂರ್ವಕ್ಕೆ ಮುಂದುವರಿದರೆ ಹುಮನಾಬಾದ್. ಬೀದರ್–ಕಲಬುರಗಿ ರಸ್ತೆ ಈ ಹೆದ್ದಾರಿಯನ್ನು ಕೂಡುವ ಊರು. ಎರಡೂ ಪಟ್ಟಣಗಳ ಬದುಕು ಗಾಲಿಯ ಮೇಲೆ ನಿಂತಿದೆ ಎಂದರೆ ತಪ್ಪಾಗದು. ಬಸವಕಲ್ಯಾಣದ ಆಟೋ ನಗರದಲ್ಲಿ ಲಾರಿಗಳ ದುರಸ್ತಿಯೇ ಒಂದು ದೊಡ್ಡ ಉದ್ಯೋಗ. ಹುಮನಾಬಾದಿನ ನಾಲ್ಕುದಾರಿಯಲ್ಲಿ ಹಗಲಿರುಳೆನ್ನದೆ ಡೀಸೆಲ್ಲಿನ ಹೊಗೆ. ಈ ಭಾಗದ ಜೈನ ಕುಟುಂಬಗಳ ಕಾರುಗಳೂ ಇದೇ ರಸ್ತೆಗಳಲ್ಲಿ ಓಡುತ್ತವೆ: ಕಮಠಾಣಕ್ಕೆ, ಹುಣಸಿ ಹಡಗಿಲಕ್ಕೆ, ಮಳಖೇಡದ ನೇಮಿನಾಥ ಬಸದಿಗೆ, 1955ರಲ್ಲಿ ಆಚಾರ್ಯ ಶಾಂತಿಸಾಗರರ ಸಲ್ಲೇಖನ ನಡೆದ ಕುಂಥಲಗಿರಿಗೆ. ಅಂಗಡಿ, ಮದುವೆ, ಆಸ್ಪತ್ರೆ, ಮಕ್ಕಳ ಕಾಲೇಜು ಇವುಗಳ ಓಡಾಟ ಇದ್ದೇ ಇದೆ.

ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿಲೋಮೀಟರ್. ದಾರಿಯ ಬಹುಭಾಗ ಹೆದ್ದಾರಿ. ಚತುಷ್ಪಥ ಹೆದ್ದಾರಿಗಳಲ್ಲಿ ಕಾರಿನ ವೇಗಕ್ಕೆ ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ಕೇಂದ್ರ ಸರ್ಕಾರವು 2018ರಲ್ಲಿ ಗೊತ್ತುಪಡಿಸಿತು. ಇಡೀ ದಾರಿಯನ್ನು 100ರ ವೇಗದಲ್ಲಿ ಕ್ರಮಿಸಿದರೆ 18 ನಿಮಿಷ. 80ರ ವೇಗದಲ್ಲಾದರೆ ಇಪ್ಪತ್ತೆರಡೂವರೆ ನಿಮಿಷ. ವ್ಯತ್ಯಾಸ ನಾಲ್ಕೂವರೆ ನಿಮಿಷ. ಇದಕ್ಕೆ ತೆರುವ ಬೆಲೆಯನ್ನು ಭೌತಶಾಸ್ತ್ರ ಹೇಳುತ್ತದೆ. ಗಾಳಿಯು ವಾಹನಕ್ಕೆ ಒಡ್ಡುವ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ಹೋದಾಗ ವೇಗ ಹೆಚ್ಚುವುದು ಕಾಲು ಭಾಗವಾದರೂ ಗಾಳಿಯ ತಡೆ ಹೆಚ್ಚುವುದು ಅರ್ಧಕ್ಕಿಂತ ಮಿಗಿಲು, ಶೇಕಡ 56ರಷ್ಟು. ಚಕ್ರಗಳ ಘರ್ಷಣೆ ವೇಗದೊಡನೆ ಅಷ್ಟಾಗಿ ಬದಲಾಗದಿರುವುದರಿಂದ ಇಂಧನದ ವೆಚ್ಚ ಅದೇ ಪ್ರಮಾಣದಲ್ಲಿ ಏರದು ನಿಜ; ಆದರೆ ಹೆದ್ದಾರಿಯ ವೇಗದಲ್ಲಿ ಎಂಜಿನ್ನಿನ ದುಡಿಮೆಯ ಹೆಚ್ಚು ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. 1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕದಂಥ ಭೋಗಪ್ರಧಾನ ದೇಶವೂ 1974ರಲ್ಲಿ ತನ್ನ ಹೆದ್ದಾರಿಗಳ ವೇಗವನ್ನು ಗಂಟೆಗೆ 55 ಮೈಲಿಗೆ, ಅಂದರೆ ಸುಮಾರು 88 ಕಿಲೋಮೀಟರಿಗೆ, ಇಳಿಸಿದ್ದು ಈ ಕಾರಣದಿಂದಲೇ. ಅಲ್ಲಿ ಅದು ಕಾನೂನಾಗಿ ಬಂತು, 1995ರಲ್ಲಿ ಕಾನೂನಾಗಿಯೇ ಹೋಯಿತು.

ನಾಲ್ಕೂವರೆ ನಿಮಿಷ ಉಳಿಸಿದವನು ಹುಮನಾಬಾದಿನಲ್ಲಿ ಆ ಸಮಯವನ್ನು ಏನು ಮಾಡಿದ? ಬಹುಮಟ್ಟಿಗೆ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ಯಾರಿಗೋ ಫೋನು ಮಾಡಿದ.

ಇಲ್ಲಿಯೇ ಶಾಸ್ತ್ರದ ಇನ್ನೊಂದು ಮಾತು ನೆನಪಾಗಬೇಕು. ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವ್ರತವು ಪ್ರಯೋಜನವಿಲ್ಲದ ಪಾಪಕ್ರಿಯೆಯಿಂದ ವಿರಮಿಸುವ ವ್ರತ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅನರ್ಥದಂಡ ಐದು ಬಗೆ. ಪ್ರಮಾದಚರ್ಯೆಯನ್ನು ವಿವರಿಸುವಾಗ ಸಮಂತಭದ್ರರು ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಕದಡುವುದು, ಗಿಡಮರಗಳನ್ನು ಕತ್ತರಿಸುವುದು ಇವುಗಳ ಜೊತೆಗೆ ಇನ್ನೆರಡನ್ನು ಸೇರಿಸುತ್ತಾರೆ: ಸುಮ್ಮನೆ ಅಲೆದಾಡುವುದು ಮತ್ತು ಇತರರನ್ನು ಸುಮ್ಮನೆ ಅಲೆದಾಡಿಸುವುದು. ಕಾರಿನ ವಿಷಯದಲ್ಲಿ ಇದಕ್ಕಿಂತ ನಿಖರವಾದ ಮಾತನ್ನು ಯಾವ ಇಂಧನ ಸಂರಕ್ಷಣಾ ಸಂಸ್ಥೆಯ ಕರಪತ್ರವೂ ಹೇಳಿರಲಾರದು. ಏಕೆಂದರೆ ಎಂಜಿನ್ ಎಂದರೆ ಬೆಂಕಿ ಹೊತ್ತಿಸುವ ಯಂತ್ರವೇ. ನಾಲ್ಕು ಸಿಲಿಂಡರಿನ ಸಾಮಾನ್ಯ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನಲ್ಲೂ ಎರಡು ಸುತ್ತಿಗೊಮ್ಮೆ ಬೆಂಕಿ ಹೊತ್ತುತ್ತದೆ. ನಿಂತ ಕಾರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಆ ಒಂದು ನಿಮಿಷದಲ್ಲಿ 1600 ಬಾರಿ ಅಗ್ನಿ ಹುಟ್ಟಿ ಆರುತ್ತದೆ. ಚಹಾದಂಗಡಿಯ ಮುಂದಿನ ಹತ್ತು ನಿಮಿಷಗಳಲ್ಲಿ 16 ಸಾವಿರ ಬಾರಿ. ಒಲೆಯನ್ನು ಹಚ್ಚುವ ಮುನ್ನ ಹುಳುಹುಪ್ಪಟೆ ಇದೆಯೇ ಎಂದು ನೋಡುವ, ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಬಳಿಕ ಉಣ್ಣದ ಮನೆಯ ಕಾರಿನಲ್ಲಿ ಈ ಅಗ್ನಿ ಯಾರ ಅಡುಗೆಯನ್ನೂ ಬೇಯಿಸದೆ ಉರಿಯುತ್ತದೆ.

ಅಗ್ನಿಕಾಯಿಕ, ವಾಯುಕಾಯಿಕ ಜೀವಗಳ ವಿಚಾರವನ್ನು ಎತ್ತಿದೊಡನೆ ಒಂದು ಆಕ್ಷೇಪ ಏಳುತ್ತದೆ. ಹಾಗಾದರೆ ಕಾರನ್ನೇ ಬಿಡಬೇಕಲ್ಲವೆ? ಅರ್ಧ ಬಿಡುವುದರಲ್ಲಿ ಏನು ಪುರುಷಾರ್ಥ? ಈ ಆಕ್ಷೇಪ ಮುನಿಧರ್ಮವನ್ನು ಶ್ರಾವಕಧರ್ಮದೊಡನೆ ಬೆರೆಸುತ್ತದೆ. ಮುನಿಗಳು ವಾಹನವನ್ನು ಪೂರ್ಣವಾಗಿ ತ್ಯಜಿಸಿದವರು. ಗೃಹಸ್ಥನು ತ್ರಸಜೀವಗಳ ಸಂಕಲ್ಪಹಿಂಸೆಯನ್ನು ಬಿಟ್ಟವನು. ಬದುಕಿಗೆ ಅನಿವಾರ್ಯವಾದ ಸ್ಥಾವರಹಿಂಸೆ ಅವನಿಂದ ನಡೆದೇ ನಡೆಯುತ್ತದೆ. ಆದರೆ ಅನಿವಾರ್ಯವಾದುದನ್ನು ಮೀರಿದ ಸ್ಥಾವರಹಿಂಸೆಯಿಂದಲೂ ಅವನು ವಿರಮಿಸಬೇಕೆಂದು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿದ್ದಾರೆ. ಆದ್ದರಿಂದ ಶ್ರಾವಕನ ಮುಂದಿರುವ ಪ್ರಶ್ನೆ ಕಾರು ಬೇಕೇ ಬೇಡವೇ ಎಂಬುದಲ್ಲ. ಈ ಕ್ಷಣ ಉರಿಯುತ್ತಿರುವ ಬೆಂಕಿಗೆ ಅರ್ಥವಿದೆಯೆ ಎಂಬುದು. ಅರ್ಥವಿರುವ ಸಂದರ್ಭಗಳೂ ಇವೆ. ಟರ್ಬೋ ಅಳವಡಿಸಿದ ಡೀಸೆಲ್ ವಾಹನವು ದೂರದಿಂದ ಭರದಲ್ಲಿ ಬಂದು ನಿಂತಾಗ ಅರ್ಧ ನಿಮಿಷ, ಒಂದು ನಿಮಿಷ ಎಂಜಿನ್ನನ್ನು ಹಾಗೆಯೇ ಬಿಡುವುದು ಯಂತ್ರದ ಹಿತಕ್ಕಾಗಿ. ಬೀದರ್ ಸೀಮೆಯ ಬೇಸಗೆಯಲ್ಲಿ ಹಸುಗೂಸನ್ನೋ ರೋಗಿಯನ್ನೋ ಕೂರಿಸಿಕೊಂಡು ಕಾಯುವಾಗ ತಂಪುಯಂತ್ರ ನಡೆಯುವುದೂ ಅನರ್ಥವಲ್ಲ. ಆದರೆ ಬೆಳಗ್ಗೆ ಹತ್ತು ನಿಮಿಷ ಎಂಜಿನ್ ಕಾಯಿಸುವ ಹಳೆಯ ಚಾಳಿಗೆ ಇಂದಿನ ವಾಹನಗಳಲ್ಲಿ ಅರ್ಥವಿಲ್ಲ. ಅರ್ಧ ನಿಮಿಷ ಸಾಕು, ಬಳಿಕ ಮೊದಲ ಕೆಲವು ಕಿಲೋಮೀಟರ್ ಮೆಲ್ಲನೆ ನಡೆಸಿದರೆ ಎಂಜಿನ್ ತಾನಾಗಿ ಕಾಯುತ್ತದೆ. ಟ್ರಸ್ಟಿನ ಸಭೆ ನಡೆಯುವಾಗ ಹೊರಗೆ ಚಾಲಕನು ತಂಪುಯಂತ್ರ ಹಾಕಿಕೊಂಡು ಗಂಟೆಗಟ್ಟಲೆ ಕುಳಿತಿರುವುದಕ್ಕೂ ಅರ್ಥವಿಲ್ಲ. ಅಲ್ಲಿ ದೋಷ ಚಾಲಕನದಲ್ಲ, ಅವನಿಗೆ ನೆರಳಿನಲ್ಲಿ ಒಂದು ಕುರ್ಚಿ ಹಾಕಿಸದವರದು.

ಇಂಧನ ಉಳಿಸುವುದೆಲ್ಲವೂ ಪುಣ್ಯವೆಂದು ತಿಳಿಯುವುದು ಇನ್ನೊಂದು ಬಗೆಯ ಭ್ರಮೆ. ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಕೆಲವರು ಎಂಜಿನ್ನನ್ನೂ ಆರಿಸಿ, ವಾಹನವನ್ನು ಜಾರಬಿಡುವ ಪದ್ಧತಿ ಲಾರಿ ಚಾಲಕರಲ್ಲಿ ಬಹಳ ಹಿಂದಿನದು. ಕಾರ್ಬ್ಯುರೇಟರ್ ಕಾಲದಲ್ಲಿ ಅದರಿಂದ ನಾಲ್ಕು ಹನಿ ಉಳಿಯುತ್ತಿದ್ದಿರಬಹುದು. ಇಂದಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದುಕೊಂಡೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಪೂರೈಕೆ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ನೋಡಿಕೊಳ್ಳಲು ಅದು ಉರಿಯುತ್ತಲೇ ಇರಬೇಕಾಗುತ್ತದೆ. ಉಳಿತಾಯವೆಂದು ಮಾಡಿದ್ದು ಖರ್ಚಾಯಿತು. ಎಂಜಿನ್ ಆರಿಸಿದರಂತೂ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ಯಂತ್ರದ ಸಹಾಯ ತಪ್ಪಿಹೋಗಿ ಎದುರು ಬರುವವರ ಜೀವಕ್ಕೇ ಸಂಚಕಾರ. ಮೂರು ಹನಿ ಡೀಸೆಲ್ಲಿಗಾಗಿ ಪಂಚೇಂದ್ರಿಯ ಜೀವವನ್ನು ಪಣಕ್ಕೊಡ್ಡುವುದು ಮಿತವ್ಯಯವಲ್ಲ.

ಆದರೆ ಆ ಚಾಲಕ ಹಾಗೆ ಮಾಡುವುದೇಕೆ? ಒಂದು ಪ್ರಯಾಣಕ್ಕೆ ಇಷ್ಟೇ ಡೀಸೆಲ್ ಎಂದು ಮಾಲೀಕ ಲೆಕ್ಕ ಕಟ್ಟಿ ಕೊಡುತ್ತಾನೆ. ಹೆಚ್ಚಾದರೆ ಸಂಬಳದಲ್ಲಿ ಮುರಿಯುತ್ತಾನೆ. ಸಾರಿಗೆ ವ್ಯವಹಾರದಲ್ಲಿ ಇದು ಅಪರೂಪವೇನಲ್ಲ. ಲೆಕ್ಕ ನ್ಯಾಯವಾಗಿದ್ದರೆ ಅಡ್ಡಿಯಿಲ್ಲ. ಬಿಗಿಯಾಗಿದ್ದರೆ, ಮೇಲೆ ನಿಗದಿಗಿಂತ ಹೆಚ್ಚು ಹೇರಿದ್ದರೆ, ಚಾಲಕನು ಉಳಿತಾಯವನ್ನು ಇಳಿಜಾರಿನಲ್ಲಿ ಹುಡುಕುತ್ತಾನೆ, ನಿದ್ರೆಯಲ್ಲಿ ಹುಡುಕುತ್ತಾನೆ, ಇಲ್ಲವೇ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವವನ ಬಳಿ ಹುಡುಕುತ್ತಾನೆ. ಕೊನೆಯದು ಪ್ರತಿರೂಪಕ ವ್ಯವಹಾರ, ಅಚೌರ್ಯವ್ರತದ ಅತಿಚಾರ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಚಾಲಕನ ಪಾಲು ಒಂದು, ಗಾದಿಯ ಮೇಲೆ ಕುಳಿತು ಲೆಕ್ಕ ಬರೆದವನ ಪಾಲು ಎರಡು. ಅತಿವಾಹನದ ಹಳೆಯ ಅರ್ಥ ಇಲ್ಲಿ ಇಡಿಯಾಗಿ ಮರಳಿ ಬರುತ್ತದೆ. ಕಾರಿಗೆ ನೋವಿಲ್ಲದಿರಬಹುದು. ಸುಖವಾಗಿ ಹೋಗಬಲ್ಲ ದೂರವನ್ನು ಮೀರಿ ನಡೆಸಲ್ಪಡುತ್ತಿರುವ ಜೀವ ಈಗ ಸ್ಟಿಯರಿಂಗಿನ ಹಿಂದೆ ಕುಳಿತಿದೆ. ರಾತ್ರಿಯಿಡೀ ಕುಂಥಲಗಿರಿಗೆ ಓಡಿಸಿ, ಬೆಳಗ್ಗೆ ದರ್ಶನ ಮುಗಿಸಿ, ಮಧ್ಯಾಹ್ನದೊಳಗೆ ಅಂಗಡಿ ತೆರೆಯಬೇಕೆಂದು ಚಾಲಕನನ್ನು ಅವಸರಪಡಿಸುವ ಯಾತ್ರಿಕನಿಗೂ ಈ ಮಾತು ಸಲ್ಲುತ್ತದೆ.

ವಾಹನದ ಆರೈಕೆಯ ವಿಷಯವನ್ನು ದೀರ್ಘವಾಗಿ ಹೇಳಬೇಕಿಲ್ಲ. ಆಟೋ ನಗರದ ಯಾವ ಮೇಸ್ತ್ರಿಯನ್ನು ಕೇಳಿದರೂ ತಿಳಿಯುತ್ತದೆ. ಚಕ್ರಗಳ ಹವಾ ಸರಿಯಾಗಿರಬೇಕು, ಅದನ್ನು ಬೆಳಗ್ಗೆ ಟೈರು ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಹವಾ ತುಸು ಕಡಿಮೆಯಾದರೆ ನಷ್ಟವಾಗುವ ಇಂಧನ ಶೇಕಡ ಒಂದೆರಡರಷ್ಟು ಮಾತ್ರ, ಉತ್ಪ್ರೇಕ್ಷೆ ಬೇಡ. ಆದರೆ ಮೇ ತಿಂಗಳ ಕಾದ ಹೆದ್ದಾರಿಯಲ್ಲಿ ಹವಾ ಇಳಿದ ಟೈರು ಸಿಡಿದಾಗ ಆಗುವ ನಷ್ಟವನ್ನು ಲೀಟರಿನಲ್ಲಿ ಅಳೆಯಲಾಗದು. ಈ ಸೀಮೆಯ ಜಂಬಿಟ್ಟಿಗೆ ಕಲ್ಲಿನ ಕೆಂಪು ದೂಳೂ ಎರೆಮಣ್ಣಿನ ಕಪ್ಪು ದೂಳೂ ಗಾಳಿ ಸೋಸುವ ಫಿಲ್ಟರನ್ನು ಬೇಗ ಕಟ್ಟಿಸುತ್ತವೆ. ಹಳೆಯ ಕಾರ್ಬ್ಯುರೇಟರ್ ವಾಹನಗಳಲ್ಲಿ ಇದರಿಂದ ಇಂಧನ ಹೆಚ್ಚು ಹೋಗುತ್ತಿತ್ತು. ಇಂದಿನ ಕಾರುಗಳಲ್ಲಿ ಮುಖ್ಯವಾಗಿ ಎಂಜಿನ್ನಿನ ಕಸುವು ಕುಂದುತ್ತದೆ. ಬಿಗಿಹಿಡಿದ ಬ್ರೇಕು, ಕ್ಲಚ್ಚಿನ ಮೇಲೆ ಸದಾ ಒರಗಿದ ಕಾಲು, ಯಾತ್ರೆ ಮುಗಿದು ತಿಂಗಳಾದರೂ ಛಾವಣಿಯ ಮೇಲೆ ಉಳಿದ ಕ್ಯಾರಿಯರ್ ಇವೂ ಅದೇ ಜಾತಿಯ ಸೋರಿಕೆಗಳು. ಇವೆಲ್ಲದರ ಮೂಲದಲ್ಲಿರುವುದು ಪ್ರಮಾದ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಇಟ್ಟಿರುವುದು ಆಕಸ್ಮಿಕವಲ್ಲ. ಎಚ್ಚರದಿಂದ ಹೆಜ್ಜೆಯಿಟ್ಟವನ ಕಾಲಡಿ ಜೀವವೊಂದು ಬಂದು ಸತ್ತರೂ ಅವನಿಗೆ ಬಂಧವಿಲ್ಲ, ಎಚ್ಚರಗೇಡಿಗೆ ಯಾವ ಜೀವ ಸಾಯದಿದ್ದರೂ ಬಂಧವುಂಟು ಎಂಬುದು ಪ್ರವಚನಸಾರದ ನಿಲುವು.

ರಾತ್ರಿಯ ಪ್ರಯಾಣದಲ್ಲಿ ಕಾರಿನ ಗಾಜಿಗೆ ಬಡಿದು ಸಾಯುವ ಪತಂಗಗಳ ಮಾತು ಇಲ್ಲಿಯೇ ಬರಬೇಕು. ಮುಂಚೆ ಹುಮನಾಬಾದಿನಿಂದ ಕಲಬುರಗಿ ತಲುಪುವಷ್ಟರಲ್ಲಿ ಗಾಜು ಒರೆಸಬೇಕಾಗುತ್ತಿತ್ತು, ಈಗ ಅಷ್ಟಿಲ್ಲ ಎಂದು ಹಿರಿಯ ಚಾಲಕರು ಹೇಳುವುದುಂಟು. ಸಮಾಧಾನಪಡುವ ಮುನ್ನ ಒಂದು ಸಂಗತಿ ತಿಳಿದಿರಬೇಕು: ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿ 27 ವರ್ಷಗಳ ಅವಧಿಯಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲು ಕುಸಿದಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗಾಜು ಶುಭ್ರವಾಗಿರುವುದು ಚಾಲಕರು ಮೃದುವಾದುದರಿಂದಲೇ ಇರಬೇಕಾಗಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿ ಕಾರು ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚು ಕೊಡತೊಡಗಿತು ಎನ್ನೋಣ. ತಿಂಗಳ ಕೊನೆಗೆ ಹಣ ಉಳಿಯುತ್ತದೆ. ಆ ಹಣ ಎಲ್ಲಿಗೆ ಹೋಗುತ್ತದೆ? 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಕಲ್ಲಿದ್ದಲಿನ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ವಿಚಿತ್ರವನ್ನು ಗಮನಿಸಿದ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದ ಮೇಲೆ ದೇಶದ ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ, ಏರಿತು. ಅಗ್ಗವಾದುದನ್ನು ಜನ ಹೆಚ್ಚು ಬಳಸಿದರು. ಕಾರಿನ ಮಟ್ಟಿಗೂ ಈ ಅಪಾಯ ಇದ್ದೇ ಇದೆ. ಮೈಲೇಜು ಚೆನ್ನಾಗಿದೆಯಲ್ಲ ಎಂದು ತಿಂಗಳಿಗೊಮ್ಮೆ ಹೋಗುತ್ತಿದ್ದ ಹೈದರಾಬಾದಿಗೆ ಎರಡು ಬಾರಿ ಹೋಗುವುದು, ಪಕ್ಕದ ಓಣಿಯ ಬಸದಿಗೂ ಕಾರು ತೆಗೆಯುವುದು, ಮನೆಗೆ ಎರಡನೆಯ ಕಾರು ಬರುವುದು. ಅನರ್ಥದಂಡವನ್ನು ಬಿಟ್ಟವನು ಅತಿವಾಹನದಲ್ಲಿ ಬಿದ್ದ. ಹೇಗೆ ನಡೆಸಬೇಕೆಂಬುದನ್ನು ಮಾತ್ರ ಕಲಿತು ಎಷ್ಟು ನಡೆಸಬೇಕೆಂಬುದನ್ನು ಕಲಿಯದಿದ್ದರೆ ಉಳಿತಾಯವೇ ಹೊಸ ಆರಂಭಕ್ಕೆ ಬಂಡವಾಳವಾಗುತ್ತದೆ.

ಜೈನಾಚಾರ್ಯರು ಇದನ್ನು ಬಲ್ಲವರಂತೆ ಅನರ್ಥದಂಡವ್ರತದ ಪಕ್ಕದಲ್ಲಿಯೇ ದಿಗ್ವ್ರತವನ್ನು ಇಟ್ಟರು. ಹತ್ತು ದಿಕ್ಕುಗಳಲ್ಲಿಯೂ ಇಲ್ಲಿಯವರೆಗೆ ಮಾತ್ರ ಹೋಗುವೆನೆಂದು ಎಲ್ಲೆ ಕಟ್ಟಿಕೊಳ್ಳುವುದು ದಿಗ್ವ್ರತ; ಆ ಎಲ್ಲೆಯನ್ನು ದಿನದ ಮಟ್ಟಿಗೆ, ತಿಂಗಳ ಮಟ್ಟಿಗೆ ಇನ್ನೂ ಕಿರಿದುಗೊಳಿಸುವುದು ದೇಶಾವಕಾಶಿಕ. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಎಂಬುದೊಂದಿದೆ, ಲೋಭದಿಂದ ಎಲ್ಲೆಯನ್ನು ಹಿಗ್ಗಿಸಿಕೊಳ್ಳುವುದು. ಜೆವನ್ಸ್ ಕಂಡದ್ದು ಬೇರೇನೂ ಅಲ್ಲ. ಒಂದು ಕುಟುಂಬವು ತಿಂಗಳಿಗೆ ಇಷ್ಟು ಲೀಟರ್, ಅಥವಾ ಇಷ್ಟು ಕಿಲೋಮೀಟರ್ ಎಂದು ನಿಶ್ಚಯಿಸಿಕೊಂಡು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಅದು ದೇಶಾವಕಾಶಿಕದ ಈ ಕಾಲದ ರೂಪವಾದೀತು. ಟ್ರಸ್ಟಿನ ವಾಹನಕ್ಕಾದರೆ ಎಲ್ಲಿಗೆ, ಯಾರು, ಯಾವ ಕಾರ್ಯಕ್ಕೆ, ಎಷ್ಟು ಕಿಲೋಮೀಟರ್ ಎಂಬ ಪುಸ್ತಕ ಇರಲೇಬೇಕು. ಸಮಾಜದ ಹಣದಿಂದ ಉರಿಯುವ ಬೆಂಕಿಗೆ ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ಮಾರ್ಗವೂ ಬದಲಾಗಬಹುದು. ಬೀದರ್–ಕಲಬುರಗಿ ರೈಲುಮಾರ್ಗ 2017ರಲ್ಲಿ ಪೂರ್ಣವಾಗಿ ತೆರೆದ ಮೇಲೆ ಹುಮನಾಬಾದಿನವರಿಗೆ ಎರಡೂ ಕಡೆಗೆ ರೈಲಿದೆ. ಆದರೂ ಒಬ್ಬನೇ ಕುಳಿತ ಕಾರುಗಳು ಅದೇ ದಿಕ್ಕಿಗೆ ಓಡುತ್ತಿವೆ.

ಅತ್ಯಂತ ಕ್ಲಿಷ್ಟವಾದ ಪ್ರಶ್ನೆ ಏಳುವುದು ಮುನಿಸಂಘದ ವಿಹಾರದ ಸಂದರ್ಭದಲ್ಲಿ. ಮುಂದೆ ಪಿಂಛಿ ಕಮಂಡಲು ಹಿಡಿದ ಮುನಿಗಳು ನಾಲ್ಕು ಹಸ್ತ ಮುಂದಿನ ನೆಲವನ್ನು ನೋಡುತ್ತ ಈರ್ಯಾಸಮಿತಿಯಿಂದ ಬರಿಗಾಲಲ್ಲಿ ನಡೆಯುತ್ತಿರುತ್ತಾರೆ. ಅವರ ಹಿಂದೆ ಭಕ್ತರ ಕಾರುಗಳು, ಚೌಕದ ಟೆಂಪೊ, ಸಾಮಾನಿನ ವಾಹನ, ಎಲ್ಲವೂ ಮೊದಲ ಗೇರಿನಲ್ಲಿ ತೆವಳುತ್ತಿರುತ್ತವೆ. ಎಂಜಿನ್ ಅತ್ಯಂತ ಹೆಚ್ಚು ಉರಿದು ಅತ್ಯಂತ ಕಡಿಮೆ ದೂರ ಸಾಗುವುದು ಮೊದಲ ಗೇರಿನಲ್ಲಿ. ಒಂದು ಇರುವೆಯೂ ನೋಯದಿರಲೆಂದು ನಡೆಯುವವರ ಬೆನ್ನಿಗೆ ಮೈಲಿಯುದ್ದ ಹೊಗೆ. ಹಾಗೆಂದು ಎಲ್ಲ ವಾಹನಗಳನ್ನೂ ತೆಗೆದುಬಿಡಿ ಎನ್ನಲಾಗದು. ಭಾರವಾದ ಲಾರಿಗಳು ಭರದಿಂದ ಸಾಗುವ ಹೆದ್ದಾರಿಯಲ್ಲಿ ನಡೆಯುವ ಸಾಧುಗಳ ಹಿಂದೆ ಎಚ್ಚರಿಕೆಯ ದೀಪ ಹಾಕಿಕೊಂಡ ಒಂದು ವಾಹನ ಇರಲೇಬೇಕು. ವಿಹಾರಕಾಲದಲ್ಲಿ ವಾಹನ ಬಡಿದು ಸಾಧು ಸಾಧ್ವಿಯರು ದೇಹ ಬಿಟ್ಟ ದುರಂತಗಳನ್ನು ಸಮಾಜ ಕಂಡಿದೆ. ಆ ಒಂದು ವಾಹನದ ಮೊದಲ ಗೇರಿಗೆ ಅರ್ಥವಿದೆ, ಅದು ರಕ್ಷಣೆ. ಉಳಿದ ಹತ್ತಕ್ಕೆ ಇಲ್ಲ. ಚೌಕದ ವಾಹನವು ನೇರವಾಗಿ ಮುಂದಿನ ತಂಗುದಾಣಕ್ಕೆ ಹೋಗಿ ಎಂಜಿನ್ ಆರಿಸಿ ನಿಲ್ಲಬಹುದು. ಜೊತೆಗಿರಬಯಸುವ ಭಕ್ತರು ಕಾರಿನಿಂದಿಳಿದು ಜೊತೆಗೇ ನಡೆಯಬಹುದು. ವಿಹಾರದಲ್ಲಿ ಭಾಗಿಯಾಗುವುದೆಂದರೆ ಅದೇ ಅಲ್ಲವೆ?

ಚಾತುರ್ಮಾಸದ ನಾಲ್ಕು ತಿಂಗಳು ಮುನಿಗಳು ಒಂದೆಡೆ ನಿಲ್ಲುವುದು ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದ. ಅದೇ ನಾಲ್ಕು ತಿಂಗಳಲ್ಲಿ ಅವರ ದರ್ಶನಕ್ಕೆಂದು ಶ್ರಾವಕರ ಓಡಾಟ ವರ್ಷದಲ್ಲೇ ಹೆಚ್ಚಾಗುತ್ತದೆ. ದರ್ಶನ ಬೇಡವೆನ್ನುವವರಾರು? ಒಂದು ಲೆಕ್ಕವನ್ನಷ್ಟೇ ಟ್ರಸ್ಟುಗಳು ಮುಂದಿಟ್ಟುಕೊಳ್ಳಬಹುದು. ಬಸವಕಲ್ಯಾಣದಿಂದ 48 ಮಂದಿ ಹುಮನಾಬಾದಿಗೆ ಹೊರಟಿದ್ದಾರೆ. ನಾಲ್ವರಿಗೊಂದರಂತೆ 12 ಕಾರುಗಳು, ಲೀಟರಿಗೆ 15 ಕಿಲೋಮೀಟರ್ ಎಂದರೂ 30 ಕಿಲೋಮೀಟರಿಗೆ ಕಾರೊಂದಕ್ಕೆ 2 ಲೀಟರ್, ಒಟ್ಟು 24 ಲೀಟರ್. ಒಂದು ಬಸ್ಸು, ಲೀಟರಿಗೆ ಬರೀ 5 ಕಿಲೋಮೀಟರ್ ಓಡಿದರೂ, 6 ಲೀಟರ್. ಬಸ್ಸು ಗೊತ್ತು ಮಾಡಿದರೆ ಎಲ್ಲರೂ ಒಂದೇ ಹೊತ್ತಿಗೆ ಹೊರಡಬೇಕು, ಒಬ್ಬರಿಗಾಗಿ ಒಬ್ಬರು ಕಾಯಬೇಕು, ಸಿರಿವಂತರ ಪಕ್ಕದಲ್ಲಿ ಬಡವರು ಕೂರಬೇಕು. ಬಸ್ಸಿನ ಯೋಜನೆ ಪ್ರತಿವರ್ಷ ಸಭೆಯಲ್ಲಿ ಬಂದು ಪ್ರತಿವರ್ಷ ಬಿದ್ದುಹೋಗುವುದಾದರೆ ಅದಕ್ಕೆ ಕಾರಣ ಉಳಿದ 18 ಲೀಟರುಗಳಲ್ಲಿಲ್ಲ, ಈ ಮೂರು ಬೇಕುಗಳಲ್ಲಿದೆ.